ಹಾದುಹೋಗುವವನ ಹೊಣೆ

ಮನುಷ್ಯನು ತನ್ನ ಊರಿನಲ್ಲಿ ನಡೆದುಕೊಳ್ಳುವ ರೀತಿಗೆ ಹಲವು ಕಾವಲುಗಳಿರುತ್ತವೆ. ನೆರೆಹೊರೆಯವರ ಕಣ್ಣು, ಬಂಧುಗಳ ಮಾತು, ಬಸದಿಯಲ್ಲಿ ನಾಳೆ ಎದುರಾಗುವ ಹಿರಿಯರ ಮುಖ, ಇವೆಲ್ಲವೂ ಅವನ ನಡೆಗೆ ಅಂಕುಶವಾಗಿರುತ್ತವೆ. ಪ್ರವಾಸದಲ್ಲಿ ಈ ಕಾವಲುಗಳು ಒಂದೊಂದಾಗಿ ಕಳಚಿಬೀಳುತ್ತವೆ. ಇಲ್ಲಿ ನಮ್ಮನ್ನು ಬಲ್ಲವರಿಲ್ಲ, ನಾವು ಮತ್ತೆ ಇಲ್ಲಿಗೆ ಬರುವುದೂ ಇಲ್ಲ, ನಮ್ಮ ನಡೆಯ ಫಲವನ್ನು ಕಣ್ಣಾರೆ ಕಾಣುವ ಪ್ರಸಂಗವೂ ಒದಗುವುದಿಲ್ಲ. ಆದುದರಿಂದಲೇ, ಕೆಲವೇ ಗಂಟೆಗಳ ಕಾಲ ಇದ್ದು ಹೊರಟುಬಿಡುವ ಸ್ಥಳದಲ್ಲಿ ಒಬ್ಬನು ಏನು ಮಾಡುತ್ತಾನೆಂಬುದು ಅವನ ಶೀಲಕ್ಕೆ ಒರೆಗಲ್ಲು. ವಿಹಾರದ ಹಡಗೊಂದು ದ್ವೀಪವೊಂದರಲ್ಲಿ ಎಂಟು ಗಂಟೆ ತಂಗಿದಾಗ ಇಳಿದ ಪ್ರಯಾಣಿಕನು ಆ ಹೊತ್ತನ್ನು ಹೇಗೆ ಕಳೆಯಬೇಕು? ಮೇಲ್ನೋಟಕ್ಕೆ ಇದು ಕೇವಲ ವಿನೋದದ ಪ್ರಶ್ನೆ. ವಿಚಾರಿಸಿ ನೋಡಿದರೆ ಇದು ಗೃಹಸ್ಥಧರ್ಮದ ಪ್ರಶ್ನೆಯೂ ಹೌದು.

ಇಂಥ ಪ್ರಶ್ನೆಯನ್ನು ಗಾಳಿಯಲ್ಲಿಟ್ಟು ಚರ್ಚಿಸುವುದಕ್ಕಿಂತ ಒಂದು ನಿಜವಾದ ಸ್ಥಳವನ್ನು ಮುಂದಿಟ್ಟುಕೊಳ್ಳುವುದು ಮೇಲು. ಅಮೆರಿಕದ ಪೂರ್ವ ತೀರದ ನಗರಗಳಿಂದ ಹೊರಡುವ ವಿಹಾರದ ಹಡಗುಗಳಿಗೆ ಬರ್ಮುಡಾ ಒಂದು ಮುಖ್ಯ ತಂಗುದಾಣ. ಅಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಹೋದ ನಮ್ಮ ಹಿರಿಯರೂ ರಜೆಯ ದಿನಗಳಲ್ಲಿ ಇಂಥ ಹಡಗನ್ನೇರುವುದುಂಟು. ಬರ್ಮುಡಾ ಅಟ್ಲಾಂಟಿಕ್ ಸಾಗರದ ನಡುವೆ, ಅಮೆರಿಕದ ಉತ್ತರ ಕೆರೊಲಿನಾ ತೀರದಿಂದ ಸಾವಿರ ಕಿಲೋಮೀಟರಿಗೂ ದೂರದಲ್ಲಿದೆ. ಉಷ್ಣವಲಯದಿಂದಾಚೆ, ಉತ್ತರ ಅಕ್ಷಾಂಶ 32ರಲ್ಲಿದ್ದರೂ ಬೆಚ್ಚನೆಯ ಸಾಗರಪ್ರವಾಹದ ಕೃಪೆಯಿಂದ ಅಲ್ಲಿ ಹಿಮ ಬೀಳುವುದಿಲ್ಲ, ಸುತ್ತಲೂ ಹವಳದ ದಿಬ್ಬಗಳು ಬೆಳೆದಿವೆ. ಗಾಳದ ಕೊಕ್ಕೆಯಂತೆ ಬಾಗಿದ ಈ ದ್ವೀಪಮಾಲೆಯ ವಿಸ್ತೀರ್ಣ ಸುಮಾರು 54 ಚದರ ಕಿಲೋಮೀಟರು, ಜನಸಂಖ್ಯೆ ಸುಮಾರು 64 ಸಾವಿರ. 2019ರ ಒಂದೇ ವರ್ಷದಲ್ಲಿ ಹಡಗುಗಳಿಂದ ಅಲ್ಲಿ ಇಳಿದವರು ಐದು ಲಕ್ಷಕ್ಕೂ ಹೆಚ್ಚು. ಎಂಟು ಗಂಟೆಯ ಅತಿಥಿಗಳು ಮನೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚಾಗಿರುವ ಮನೆಯೆಂದು ಅದನ್ನು ಭಾವಿಸಬಹುದು.

ಹಡಗು ದಡ ಸೇರುವ ಮೊದಲೇ ಪ್ರಯಾಣಿಕರ ಕೈಗೆ ಒಂದು ಪಟ್ಟಿ ಬರುತ್ತದೆ. ಸಮುದ್ರಸ್ನಾನ, ಹವಳದ ನಡುವೆ ಮುಳುಗೀಜು, ಗಾಜಿನ ತಳದ ದೋಣಿ, ನೀರಿನ ಮೇಲೆ ಮೋಟಾರು ಓಟ, ಗುಹೆ, ಕೋಟೆ, ಅಂಗಡಿಬೀದಿ, ಪಾನಗೃಹ. ಸಾಮಾನ್ಯವಾಗಿ ನಾವು ಆರಿಸಿಕೊಳ್ಳುವ ಮಾನದಂಡ ಒಂದೇ: ಕೊಟ್ಟ ಹಣಕ್ಕೆ, ಇರುವ ಹೊತ್ತಿನಲ್ಲಿ ಎಷ್ಟು ಹೆಚ್ಚು ನೋಡಬಹುದು? ಈ ಮಾನದಂಡದಲ್ಲಿ ದ್ವೀಪವು ಒಂದು ಸರಕು, ನಾವು ಗಿರಾಕಿಗಳು. ಆದರೆ ವಿವೇಕಿಯು ಕೇಳಿಕೊಳ್ಳಬೇಕಾದ ಇನ್ನೊಂದು ಪ್ರಶ್ನೆಯಿದೆ. ನಾನು ಹೊರಟ ಮೇಲೆ ಇಲ್ಲಿ ಉಳಿಯುವುದೇನು? ಬರ್ಮುಡಾದ ಚರಿತ್ರೆಯೇ ಈ ಪ್ರಶ್ನೆಯ ಮಹತ್ವಕ್ಕೆ ಸಾಕ್ಷಿಯಾಗಿದೆ. ಏಕೆಂದರೆ ಆ ದ್ವೀಪದ ದುಃಖಗಳಲ್ಲಿ ಬಹಳಷ್ಟು, ಹಾದುಹೋದವರಿಂದಲೂ ಹಡಗಿನಿಂದಿಳಿದ ವಸ್ತುಗಳಿಂದಲೂ ಬಂದವು.

ಹದಿನಾರನೆಯ ಶತಮಾನದ ಆರಂಭದಲ್ಲಿ ಸ್ಪೇನಿನ ನಾವಿಕರು ಈ ದ್ವೀಪಗಳನ್ನು ಕಂಡಾಗ ಅಲ್ಲಿ ಮನುಷ್ಯರಿರಲಿಲ್ಲ. ರಾತ್ರಿಯ ಹೊತ್ತು ಲಕ್ಷಾಂತರ ಹಕ್ಕಿಗಳ ವಿಚಿತ್ರವಾದ ಕೂಗು ಕೇಳಿ ಅವರು ಅದನ್ನು ಭೂತಗಳ ದ್ವೀಪವೆಂದು ಭಾವಿಸಿ ಹೆದರಿದರು. ಕೂಗುತ್ತಿದ್ದುದು ಕಾಹೋ ಎಂಬ ಕಡಲಹಕ್ಕಿ. ಜೀವಮಾನದ ಬಹುಭಾಗವನ್ನು ತೆರೆದ ಸಾಗರದ ಮೇಲೆಯೇ ಕಳೆಯುವ ಈ ಹಕ್ಕಿ, ನೆಲದ ಬಿಲದಲ್ಲಿ ವರ್ಷಕ್ಕೆ ಒಂದೇ ಒಂದು ಮೊಟ್ಟೆಯಿಡಲು ಮಾತ್ರ ಈ ದ್ವೀಪಗಳಿಗೆ ಬರುತ್ತದೆ. ಹಾದುಹೋದ ನಾವಿಕರಲ್ಲಿ ಯಾರೋ, ಮುಂದೆ ಬರುವವರಿಗೆ ಆಹಾರವಾಗಲೆಂದು ಅಲ್ಲಿ ಹಂದಿಗಳನ್ನು ಬಿಟ್ಟುಹೋದರು. ಹಂದಿಗಳು ಬಿಲಗಳನ್ನು ಅಗೆದು ಮೊಟ್ಟೆಮರಿಗಳನ್ನು ತಿಂದುವು. ಬಿಟ್ಟುಹೋದವರು ಅದನ್ನು ನೋಡಲು ತಿರುಗಿ ಬರಲಿಲ್ಲ.

1609ರಲ್ಲಿ ವರ್ಜೀನಿಯಾದತ್ತ ಹೊರಟಿದ್ದ ಸೀ ವೆಂಚರ್ ಎಂಬ ಇಂಗ್ಲಿಷ್ ಹಡಗು ಬಿರುಗಾಳಿಗೆ ಸಿಕ್ಕಿ ಇಲ್ಲಿನ ಹವಳದ ಬಂಡೆಗಳ ನಡುವೆ ಸಿಲುಕಿತು. ಹಡಗಿನಲ್ಲಿದ್ದ ಸುಮಾರು 150 ಮಂದಿಯೂ ಬದುಕಿ ದಡ ಸೇರಿದರು. ಹತ್ತು ತಿಂಗಳ ಕಾಲ ಅಲ್ಲಿದ್ದು, ಎರಡು ಹೊಸ ಹಡಗುಗಳನ್ನು ಕಟ್ಟಿಕೊಂಡು 1610ರಲ್ಲಿ ಮುಂದೆ ಸಾಗಿದರು. ಈ ಅವಧಿಯಲ್ಲಿ ಅವರನ್ನು ಬದುಕಿಸಿದವು ಆ ಹಂದಿಗಳು, ಕಡಲಾಮೆಗಳು ಮತ್ತು ಕಾಹೋ ಹಕ್ಕಿಗಳು. ಮನುಷ್ಯನ ಭಯವನ್ನೇ ಅರಿಯದ ಆ ಹಕ್ಕಿಗಳು, ಕತ್ತಲಲ್ಲಿ ನಿಂತು ಕೂಗಿದರೆ ತಾವಾಗಿ ಬಳಿಗೆ ಬಂದು ಮೈಮೇಲೆ ಕೂರುತ್ತಿದ್ದುವೆಂದು ಆ ಕಾಲದ ಬರಹಗಳು ಹೇಳುತ್ತವೆ. ಕುಳಿತವುಗಳಲ್ಲಿ ಭಾರವಾದುವನ್ನು ಆರಿಸಿ ಹಿಡಿಯುತ್ತಿದ್ದರಂತೆ. ನಂಬಿ ಬಂದ ಜೀವಕ್ಕೆ ದೊರೆತ ಪ್ರತಿಫಲವಿದು. 1612ರಲ್ಲಿ ಶಾಶ್ವತವಾದ ವಸತಿ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಹಕ್ಕಿಗಳು ಎಷ್ಟು ಕ್ಷೀಣಿಸಿದುವೆಂದರೆ ಅವುಗಳ ನಾಶವನ್ನು ತಡೆಯಲು ಅಧಿಕಾರಿಗಳು ಆಜ್ಞೆ ಹೊರಡಿಸಬೇಕಾಯಿತು. 1620ರಲ್ಲಿ ಎಳೆಯ ಆಮೆಗಳನ್ನು ಕೊಲ್ಲಬಾರದೆಂಬ ಕಾನೂನೂ ಬಂತು. ಆದರೆ ಕಾಹೋ ಹಕ್ಕಿಯ ಮಟ್ಟಿಗೆ ಹೊತ್ತು ಮೀರಿತ್ತು. ಆ ದಶಕದಲ್ಲಿಯೇ ಅದು ನಿರ್ನಾಮವಾಯಿತೆಂದು ಜನ ನಂಬಿದರು. ಆ ನಂಬಿಕೆ ಮೂರು ಶತಮಾನಗಳಿಗೂ ಹೆಚ್ಚು ಕಾಲ ಉಳಿಯಿತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಆ ನಾವಿಕರಲ್ಲಿ ಯಾರಿಗೂ ಹಕ್ಕಿಗಳ ಮೇಲೆ ದ್ವೇಷವಿರಲಿಲ್ಲ. ಹಸಿದು ಕಂಗೆಟ್ಟ ನಾವೆಯವರನ್ನು ಇಂದು ಕುಳಿತು ದೂಷಿಸುವುದೂ ಸುಲಭದ ಮಾತು. ಆದರೆ ಹಂದಿಯನ್ನು ಬಿಟ್ಟವನು ಪರೋಪಕಾರವೆಂದೇ ಬಿಟ್ಟಿದ್ದನು. ಪ್ರತಿಯೊಬ್ಬನೂ ಮಾಡಿದ್ದು ಅಲ್ಪ, ಇದ್ದದ್ದು ಅಲ್ಪಕಾಲ. ಅಲ್ಪಗಳ ಮೊತ್ತ ಒಂದು ಜೀವಜಾತಿಯ ಪ್ರಳಯ. ಇಪ್ಪತ್ತನೆಯ ಶತಮಾನದಲ್ಲಿಯೂ ಇಂಥದೇ ಒಂದು ಘಟನೆ ನಡೆಯಿತು. 1940ರ ದಶಕದಲ್ಲಿ, ಹೊರಗಿನಿಂದ ತರಿಸಿದ ಗಿಡಗಳ ಜೊತೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಶಲ್ಕಕೀಟಗಳು ದ್ವೀಪಕ್ಕೆ ಬಂದುವು. ದ್ವೀಪವನ್ನೆಲ್ಲ ಮುಸುಕಿದ್ದ, ಮನೆಗೂ ಹಡಗಿಗೂ ಮರವನ್ನೊದಗಿಸಿದ್ದ ಬರ್ಮುಡಾ ಸೀಡರ್ ವೃಕ್ಷಗಳಲ್ಲಿ ನೂರಕ್ಕೆ ಸುಮಾರು 95ರಷ್ಟು ಕೆಲವೇ ವರ್ಷಗಳಲ್ಲಿ ಒಣಗಿಹೋದುವು. ಹಡಗಿನಿಂದ ಹಣ್ಣು, ಗಿಡ, ಬೀಜಗಳನ್ನು ಇಳಿಸಬಾರದೆಂಬ ನಿಯಮವು ಇಂಥ ಬಂದರುಗಳಲ್ಲಿ ಸಾಮಾನ್ಯವಾಗಿರುತ್ತದೆ. ದಡದಲ್ಲಿ ನಮಗೆ ಸಲ್ಲುವ ಆಹಾರ ಸಿಕ್ಕೀತೋ ಇಲ್ಲವೋ ಎಂಬ ಶಂಕೆಯಿಂದ ನಮ್ಮವರು ಚೀಲದಲ್ಲಿ ನಾಲ್ಕು ಹಣ್ಣುಗಳನ್ನು ಮುಚ್ಚಿಟ್ಟುಕೊಂಡು ಇಳಿಯುವುದು ಸಹಜವಾದ ಆಸೆ. ಆದರೆ ನಮ್ಮ ಆಹಾರದ ಶುದ್ಧಿಗಾಗಿ ಇನ್ನೊಬ್ಬರ ಕಾಡಿಗೆ ಅಪಾಯವೊಡ್ಡುವುದು ಯಾವ ಶುದ್ಧಿ? ನಿಯಮದಲ್ಲಿ ಏನಿದೆಯೆಂದು ಮೊದಲೇ ಕೇಳಿ ತಿಳಿದು, ಅನುಮತಿಯಿದ್ದ ಒಣ ತಿಂಡಿಯನ್ನಷ್ಟೇ ಒಯ್ಯುವುದು, ಅದೂ ಆಗದಿದ್ದರೆ ಹಡಗಿನಲ್ಲಿಯೇ ಉಂಡು ಇಳಿದು ಸೂರ್ಯಾಸ್ತಕ್ಕೆ ಮೊದಲು ಮರಳುವುದು ಉಚಿತ.

ನಮ್ಮ ಆಚಾರ್ಯರು ಗೃಹಸ್ಥನಿಗೆ ಹೇಳಿದ ಗುಣವ್ರತಗಳಲ್ಲಿ ಅನರ್ಥದಂಡವ್ರತವೂ ಒಂದು. ಪ್ರಯೋಜನವಿಲ್ಲದ ಹಿಂಸೆಯಿಂದ ದೂರವಿರುವುದೇ ಅದರ ತಿರುಳು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಹೇಳಿದೆ. ಅವುಗಳಲ್ಲಿ ಪ್ರಮಾದಚರ್ಯೆ ಎಂಬುದು ಈ ಪ್ರಸಂಗಕ್ಕೆ ನೇರವಾಗಿ ಅನ್ವಯಿಸುತ್ತದೆ. ಕಾರಣವಿಲ್ಲದೆ ನೆಲವನ್ನು ಕೆದಕುವುದು, ನೀರನ್ನು ಕಲಕುವುದು, ಗಿಡಬಳ್ಳಿಗಳನ್ನು ಕೀಳುವುದು ಇವುಗಳ ಜೊತೆಗೆ, ಪ್ರಯೋಜನವಿಲ್ಲದೆ ತಾನು ತಿರುಗುವುದು ಮತ್ತು ಇತರರನ್ನು ತಿರುಗಿಸುವುದೂ ಅದರಲ್ಲಿ ಸೇರಿದೆ. ಇದನ್ನು ಪ್ರವಾಸನಿಷೇಧವೆಂದು ತಿಳಿಯಬೇಕಾಗಿಲ್ಲ. ಇಲ್ಲಿನ ಒತ್ತು ಪ್ರಯೋಜನವೆಂಬ ಮಾತಿನ ಮೇಲಿದೆ. ಹೊಸ ನಾಡನ್ನು ಕಂಡು ತಿಳಿವು ಪಡೆಯುವುದು, ದಣಿದ ಮನಸ್ಸಿಗೆ ವಿಶ್ರಾಂತಿ ಕೊಡುವುದು, ಕುಟುಂಬದೊಡನೆ ಸಂತೋಷವಾಗಿರುವುದು ಪ್ರಯೋಜನಗಳೇ. ಆದರೆ ಮೋಟಾರು ಯಂತ್ರವನ್ನೇರಿ ಮೀನುಗಳ ತಾಣದ ಮೇಲೆ ಸುಮ್ಮನೆ ಸುತ್ತುವುದರಿಂದ, ಹವಳದ ಮೇಲೆ ಕಾಲೂರಿ ಭಾವಚಿತ್ರ ತೆಗೆಸಿಕೊಳ್ಳುವುದರಿಂದ, ಕೊಳದಲ್ಲಿ ಕೂಡಿಹಾಕಿದ ಡಾಲ್ಫಿನ್ನನ್ನು ಮುಟ್ಟಿ ನಗುವುದರಿಂದ ಯಾವ ಪ್ರಯೋಜನ ಸಿದ್ಧಿಸಿತು? ಇಂಥ ವಿನೋದಗಳನ್ನು ಯಾವ ಬಂದರಿನಲ್ಲಿ ಮಾರಿದರೂ ಕೊಳ್ಳದಿರುವ ಸ್ವಾತಂತ್ರ್ಯ ನಮಗಿದೆ. ನಾವು ಕಲ್ಲೆಂದು ಭ್ರಮಿಸುವ ಹವಳವು ಅಸಂಖ್ಯಾತ ಸಣ್ಣ ಪ್ರಾಣಿಗಳ ವಸತಿಯೆಂಬುದನ್ನು ಜೀವದಯೆಯ ಪಾಠ ಕಲಿತ ಮಕ್ಕಳಿಗೆ ವಿವರಿಸಲು ಹೆಚ್ಚು ಮಾತು ಬೇಕಾಗುವುದಿಲ್ಲ. ಬರ್ಮುಡಾದ ದಕ್ಷಿಣ ತೀರದ ಪ್ರಸಿದ್ಧವಾದ ಗುಲಾಬಿ ಮರಳೂ ಅಂಥದೇ. ಹವಳದ ದಿಬ್ಬಗಳ ಅಡಿಯಲ್ಲಿ ಬೆಳೆಯುವ, ಫೊರಾಮಿನಿಫೆರಾ ಎಂಬ ಗುಂಪಿಗೆ ಸೇರಿದ ಏಕಕೋಶ ಜೀವಿಗಳ ಕೆಂಪು ಚಿಪ್ಪುಗಳು ಸತ್ತ ಮೇಲೆ ಪುಡಿಯಾಗಿ, ಬಿಳಿಯ ಮರಳಿನೊಡನೆ ಬೆರೆತು ಆ ಬಣ್ಣ ಬಂದಿದೆ. ಇದನ್ನು ತಿಳಿದು ಆ ಮರಳಿನ ಮೇಲೆ ನಡೆಯುವವನ ಹೆಜ್ಜೆ ಸ್ವಲ್ಪ ಬೇರೆಯಾಗಿರುತ್ತದೆ.

ಸಂಯಮವೆಂಬುದು ನಾವು ಹೊರಗಿನಿಂದ ಒಯ್ಯುವ ವಸ್ತುವೆಂದು ಹೆಮ್ಮೆಪಡಬೇಕಾಗಿಯೂ ಇಲ್ಲ. ಬರ್ಮುಡಾದ ಜನರು ಅದನ್ನು ತಮ್ಮದೇ ರೀತಿಯಲ್ಲಿ ರೂಢಿಸಿಕೊಂಡಿದ್ದಾರೆ. ಅಲ್ಲಿ ನದಿಗಳಿಲ್ಲ, ಸಿಹಿನೀರಿನ ಸರೋವರಗಳಿಲ್ಲ. ಮನೆಗಳ ಮೇಲ್ಛಾವಣಿಗಳನ್ನು ಸುಣ್ಣಕಲ್ಲಿನಿಂದ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿ ಬಿಳಿಯ ಬಣ್ಣ ಬಳಿದಿರುತ್ತಾರೆ. ಅದರ ಮೇಲೆ ಬಿದ್ದ ಮಳೆನೀರು ಮನೆಯಡಿಯ ತೊಟ್ಟಿಗೆ ಸೇರುತ್ತದೆ. ಹೀಗೆ ಮಳೆನೀರನ್ನು ಹಿಡಿದಿಡುವುದು ಅಲ್ಲಿ ಕಾನೂನಿನ ಕಟ್ಟಳೆ. ಈಗ ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರಗಳಿದ್ದರೂ ಮನೆಯವರು ತೊಟ್ಟಿಯ ಮಟ್ಟವನ್ನು ನೋಡಿಯೇ ನೀರನ್ನು ಬಳಸುತ್ತಾರೆ. ನೀರನ್ನು ಸೋಸಿ, ಅಳೆದು ಬಳಸುವ ಪರಂಪರೆಯಲ್ಲಿ ಬೆಳೆದ ನಮಗೆ ಆ ಬಿಳಿಯ ಛಾವಣಿಗಳು ಯಾವ ಸ್ಮಾರಕಕ್ಕೂ ಕಡಿಮೆಯಾದ ನೋಟವಲ್ಲ.

ವಾಹನಗಳ ವಿಷಯದಲ್ಲಿಯೂ ಹೀಗೆಯೇ. 1908ರಲ್ಲಿ ಅಲ್ಲಿ ಮೋಟಾರು ಕಾರುಗಳನ್ನು ನಿಷೇಧಿಸಲಾಯಿತು. ಆ ನಿಷೇಧಕ್ಕಾಗಿ ಮನವಿ ಸಲ್ಲಿಸಿದವರಲ್ಲಿ ವಿಹಾರಕ್ಕೆಂದು ಬರುತ್ತಿದ್ದ ಇಬ್ಬರು ಪ್ರಸಿದ್ಧ ಅತಿಥಿಗಳೂ ಇದ್ದರು. ಒಬ್ಬರು ಸಾಹಿತಿ ಮಾರ್ಕ್ ಟ್ವೇನ್, ಇನ್ನೊಬ್ಬರು ಮುಂದೆ ಅಮೆರಿಕದ ಅಧ್ಯಕ್ಷರಾದ ವುಡ್ರೊ ವಿಲ್ಸನ್. ತನ್ನ ಅನುಕೂಲಕ್ಕೆ ತಾನೇ ಮಿತಿ ಹಾಕಿಕೊಳ್ಳಬೇಕೆಂದು ಅತಿಥಿಯೇ ಕೋರುವುದು ಅಪರೂಪದ ಉದಾಹರಣೆಯಲ್ಲವೇ? 1946ರಲ್ಲಿ ನಿಷೇಧ ತೆರವಾದಾಗಲೂ ಮನೆಗೊಂದೇ ಕಾರು ಎಂಬ ಮಿತಿ ಉಳಿಯಿತು. ಇಂದಿಗೂ ಅಲ್ಲಿ ಪ್ರವಾಸಿಗಳಿಗೆ ಸಾಮಾನ್ಯ ಕಾರುಗಳು ಬಾಡಿಗೆಗೆ ದೊರೆಯುವುದಿಲ್ಲ. ಊರಿನವರು ಹತ್ತುವ ಬಸ್ಸನ್ನೇ, ದೋಣಿಯನ್ನೇ ನಾವೂ ಹತ್ತಬೇಕು.

ಹಾಗೆ ಹತ್ತುವಾಗ ಒಂದು ಮರ್ಯಾದೆಯನ್ನು ಅರಿತಿರುವುದು ಒಳ್ಳೆಯದು. ಅಲ್ಲಿನವರು ಮಾತಿಗೆ ಮೊದಲು ವಂದನೆಯನ್ನು ನಿರೀಕ್ಷಿಸುತ್ತಾರೆ. ಶುಭೋದಯವೆನ್ನದೆ ನೇರವಾಗಿ ದಾರಿ ಕೇಳುವುದು, ಬೆಲೆ ಕೇಳುವುದು ಅಸಭ್ಯತೆ. ಜಾನಿ ಬಾರ್ನ್ಸ್ ಎಂಬ ವೃದ್ಧರು ರಾಜಧಾನಿ ಹ್ಯಾಮಿಲ್ಟನ್ನಿನ ಹೊರವಲಯದ ಒಂದು ವೃತ್ತದಲ್ಲಿ ಸುಮಾರು ಮೂವತ್ತು ವರ್ಷಗಳ ಕಾಲ ಬೆಳಗಿನ ಜಾವದಿಂದ ನಿಂತು, ಕೆಲಸಕ್ಕೆ ಹೋಗುವ ಪ್ರತಿಯೊಬ್ಬರಿಗೂ ಕೈಬೀಸಿ ಪ್ರೀತಿಯ ಮಾತನ್ನಾಡುತ್ತಿದ್ದರು. ಅವರು ಬದುಕಿದ್ದಾಗಲೇ, 1998ರಲ್ಲಿ ಅವರ ಕಂಚಿನ ಪ್ರತಿಮೆಯನ್ನು ಅಲ್ಲಿ ಸ್ಥಾಪಿಸಲಾಯಿತು. 2016ರಲ್ಲಿ ಅವರು ತೀರಿಕೊಂಡರು. ಅವರ ಮುಂದೆ ಹಾದುಹೋದವರಿಗೆ ದೊರೆಯುತ್ತಿದ್ದ ಸಮಯ ಕೆಲವು ಕ್ಷಣಗಳು ಮಾತ್ರ. ಭೇಟಿ ಅಲ್ಪವಾದುದರಿಂದ ಅದರ ಬೆಲೆಯೂ ಅಲ್ಪವೆಂದು ಅವರು ಎಣಿಸಲಿಲ್ಲ. ಎಂಟು ಗಂಟೆಗಳು ದೊರೆತ ನಾವು ಒಂದು ವಂದನೆಗೆ ಜಿಪುಣತನ ತೋರಿಸಬೇಕೆ?

ಇನ್ನು ನೆಲದ ಚರಿತ್ರೆಗೂ ಅತಿಥಿಯು ಸಲ್ಲಿಸಬೇಕಾದ ಋಣವೊಂದಿದೆ. ದೊಡ್ಡ ಹಡಗುಗಳು ನಿಲ್ಲುವುದು ಹಳೆಯ ರಾಜನೌಕಾಂಗಣದಲ್ಲಿ. 1809ರಲ್ಲಿ ಬ್ರಿಟಿಷರು ಆರಂಭಿಸಿದ ಈ ನೌಕಾನೆಲೆ ಈಗ ಅಂಗಡಿಗಳಿಂದಲೂ ಉಪಾಹಾರಗೃಹಗಳಿಂದಲೂ ತುಂಬಿದೆ. ಆ ಕಲ್ಲುಗಳನ್ನು ಕಡಿದು ಹೊತ್ತವರು ಗುಲಾಮರು, ಅವರ ತರುವಾಯ ಬ್ರಿಟನ್ ಮತ್ತು ಐರ್ಲೆಂಡುಗಳಿಂದ ತಂದ ಕೈದಿಗಳು. 1824ರಿಂದ 1863ರವರೆಗೆ ಅಲ್ಲಿ ದುಡಿದ ಸುಮಾರು 9 ಸಾವಿರ ಕೈದಿಗಳಲ್ಲಿ ಸುಮಾರು 2 ಸಾವಿರ ಮಂದಿ ಅಲ್ಲಿಯೇ ಸತ್ತರು. ಇದೇ ದ್ವೀಪದಲ್ಲಿ 1788ರ ಸುಮಾರಿಗೆ ಹುಟ್ಟಿದ ಮೇರಿ ಪ್ರಿನ್ಸ್ ಎಂಬ ಗುಲಾಮ ಹೆಣ್ಣುಮಗಳನ್ನು, ಹನ್ನೆರಡರ ಎಳೆಯ ವಯಸ್ಸಿನಲ್ಲಿ, ತಾಯಿಯ ಕಣ್ಣೆದುರಿಗೇ, ತಂಗಿಯರಿಂದ ಬೇರ್ಪಡಿಸಿ ಹರಾಜಿನಲ್ಲಿ ಮಾರಲಾಯಿತು. ಆಕೆ ಹೇಳಿ ಬರೆಯಿಸಿದ ಆತ್ಮಕಥೆ 1831ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ, ಗುಲಾಮಗಿರಿಯ ವಿರುದ್ಧ ಅಲ್ಲಿನ ಜನರ ಮನಸ್ಸನ್ನು ಕಲಕಿತು. 1834ರಲ್ಲಿ ಬರ್ಮುಡಾದಲ್ಲಿ ಗುಲಾಮಗಿರಿ ರದ್ದಾಯಿತು. ಹಡಗುಕಟ್ಟೆಯಿಂದ ಕಾಲ್ನಡಿಗೆಯ ದೂರದಲ್ಲಿ, ಕೋಟೆಯೊಳಗಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಈ ಸಂಗತಿಗಳೆಲ್ಲ ತಿಳಿಯಸಿಗುತ್ತವೆ. ಒಂದು ಗಂಟೆಯನ್ನು ಅಲ್ಲಿ ಕಳೆದು ಅನಂತರ ಅಂಗಡಿಬೀದಿಗೆ ಹೋದವನಿಗೆ ಗೋಡೆಗಳು ಬರಿಯ ಗೋಡೆಗಳಾಗಿ ಕಾಣುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ಪ್ರವಾಸಿಗಳ ಹಣವೇ ಆ ದ್ವೀಪದ ಎಷ್ಟೋ ಮನೆಗಳ ಅನ್ನ. ಎಲ್ಲರೂ ಹೀಗೆ ಲೆಕ್ಕಹಾಕಿ ವಿನೋದಗಳನ್ನು ತ್ಯಜಿಸಿದರೆ ಅವರ ಗತಿಯೇನು? ಈ ಆಕ್ಷೇಪದಲ್ಲಿ ಸತ್ಯವಿದೆ. ಊಟ, ವಸತಿ, ಮನರಂಜನೆ ಎಲ್ಲವೂ ಹಡಗಿನಲ್ಲಿಯೇ ದೊರೆಯುವುದರಿಂದ ಹಡಗಿನ ಪ್ರಯಾಣಿಕನು ದಡದಲ್ಲಿ ಬಿಡುವ ಹಣ ವಿಮಾನದಲ್ಲಿ ಬಂದು ತಂಗುವವನಿಗಿಂತ ಬಹಳ ಕಡಿಮೆ. ಆದುದರಿಂದ ಕೈಬಿಗಿಹಿಡಿದು ಎಲ್ಲವನ್ನೂ ಬಿಟ್ಟಿಯಾಗಿ ನೋಡಿ ಮರಳುವುದು ಸಂಯಮವಲ್ಲ, ಅದು ಲೋಭದ ಇನ್ನೊಂದು ಮುಖ. ಸಂಗ್ರಹಾಲಯದ ಪ್ರವೇಶಧನ, ಬಸ್ಸು ದೋಣಿಗಳ ದರ, ಸ್ಥಳೀಯ ಮಾರ್ಗದರ್ಶಕನ ಸಂಭಾವನೆ, ಊರಿನ ಕುಶಲಕರ್ಮಿ ಕೈಯಾರೆ ಮಾಡಿದ ಒಂದು ವಸ್ತು, ಇವುಗಳಿಗೆ ಚೌಕಾಸಿ ಮಾಡದೆ ಹಣ ಕೊಡುವುದು ನ್ಯಾಯ. ಕೊಡುವುದನ್ನು ಕಡಿಮೆ ಮಾಡಬೇಕೆಂದು ಯಾರೂ ಹೇಳುತ್ತಿಲ್ಲ. ಯಾವುದಕ್ಕೆ ಕೊಡುತ್ತೇವೆಂಬ ವಿವೇಚನೆ ಬೇಕೆಂಬುದಷ್ಟೇ ಮಾತು.

ಎರಡನೆಯ ಆಕ್ಷೇಪವೂ ಇದೆ. ವರ್ಷವಿಡೀ ದುಡಿದು ನಾಲ್ಕು ದಿನ ಹೊರಟವರಿಗೆ ಅಲ್ಲಿಯೂ ವ್ರತದ ಮಾತೇ? ಅನುಭವಸ್ಥರು ಬಲ್ಲರು, ಹೆಚ್ಚು ಸ್ಥಳಗಳನ್ನು ಓಡೋಡಿ ನೋಡಿದವರಿಗೆ ಸಂಜೆ ಉಳಿಯುವುದು ಆಯಾಸ ಮಾತ್ರ. ಇಂತಿಷ್ಟು ಕಾಲ ಇಂತಿಷ್ಟು ಕ್ಷೇತ್ರವನ್ನು ಮೀರೆನೆಂದು ನಿಶ್ಚಯಿಸುವ ದೇಶವ್ರತದಲ್ಲಿ ಒಂದು ಲೌಕಿಕವಾದ ಜಾಣ್ಮೆಯೂ ಅಡಗಿದೆ. ಬೆಳಗಿನ ತಂಪಿನಲ್ಲಿ ಸಂಗ್ರಹಾಲಯ, ಅಲ್ಲಿಂದ ಬಸ್ಸಿನಲ್ಲಿ ದಕ್ಷಿಣ ತೀರದ ಮರಳುದಂಡೆ, ಅನಂತರ ಹಳೆಯ ರೈಲುದಾರಿಯಲ್ಲಿ ಒಂದು ಗಂಟೆಯ ನಡಿಗೆ, ಇಷ್ಟು ಸಾಕು. 1931ರಲ್ಲಿ ಆರಂಭವಾಗಿ 1948ರಲ್ಲಿ ನಿಂತುಹೋದ ರೈಲಿನ ಆ ದಾರಿ ಈಗ ಪಾದಚಾರಿಗಳ ಮರದ ನೆರಳಿನ ಹಾದಿಯಾಗಿದೆ. ನಡೆಯಲಾರದ ಹಿರಿಯರಿಗೆ ನೌಕಾಂಗಣದಿಂದ ಹ್ಯಾಮಿಲ್ಟನ್ನಿಗೆ ಸುಮಾರು ಇಪ್ಪತ್ತು ನಿಮಿಷದ ದೋಣಿಪ್ರಯಾಣವಿದೆ. ಕ್ಷೇತ್ರ ಕಿರಿದಾದಷ್ಟೂ ನೋಟ ಆಳವಾಗುತ್ತದೆ, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಲು ಬಿಡುವೂ ದೊರೆಯುತ್ತದೆ.

ಕೊನೆಯದಾಗಿ, ಆ ಕಾಹೋ ಹಕ್ಕಿಯ ಕಥೆಯ ಉತ್ತರಾರ್ಧವನ್ನು ಹೇಳಬೇಕು. 1951ರಲ್ಲಿ ಇಬ್ಬರು ಪ್ರಕೃತಿವಿಜ್ಞಾನಿಗಳು ದ್ವೀಪದ ಪೂರ್ವ ಭಾಗದ ಸಣ್ಣ ಬಂಡೆಗಳನ್ನು ಶೋಧಿಸಿದಾಗ, ಬಿರುಕೊಂದರ ಒಳಗೆ ಜೀವಂತ ಕಾಹೋ ಸಿಕ್ಕಿತು. ಸುಮಾರು ಹದಿನೆಂಟು ಜೋಡಿಗಳು ಮಾತ್ರ ಉಳಿದಿದ್ದುವು. ಆ ತಂಡದ ಜೊತೆಯಲ್ಲಿ ಹೋಗಿದ್ದ ಡೇವಿಡ್ ವಿಂಗೇಟ್ ಎಂಬ ಹದಿನೈದು ವರ್ಷದ ಹುಡುಗನು ಮುಂದೆ ತನ್ನ ಆಯುಷ್ಯವನ್ನೇ ಆ ಹಕ್ಕಿಗೆ ಮೀಸಲಿಟ್ಟನು. 1960ರ ದಶಕದಿಂದ ನಾನ್‌ಸಚ್ ಎಂಬ ಬರಡು ದ್ವೀಪದಲ್ಲಿ ವಾಸವಾಗಿದ್ದು ಅಲ್ಲಿ ಮೂಲದ ಗಿಡಮರಗಳನ್ನು ಮತ್ತೆ ಬೆಳೆಸಿದರು. ಹಕ್ಕಿಗಳಿಗಾಗಿ ಕೃತಕ ಬಿಲಗಳನ್ನು ಕಟ್ಟಿದರು. ತಾವು ನೆಟ್ಟ ಸಸಿಗಳು ಕಾಡಾಗಲು ದಶಕಗಳು ಬೇಕೆಂದು ಬಲ್ಲವರಾಗಿಯೂ ನೆಟ್ಟರು. ಅವರ ತರುವಾಯ ಬಂದವರು 2004ರಿಂದ ಮರಿಗಳನ್ನು ಅಲ್ಲಿಗೆ ಸಾಗಿಸಿ ಪೋಷಿಸಿದರು. 2009ರಲ್ಲಿ, ಶತಮಾನಗಳ ಬಳಿಕ ಮೊದಲ ಬಾರಿಗೆ ನಾನ್‌ಸಚ್ ದ್ವೀಪದಲ್ಲಿ ಕಾಹೋ ಮರಿಯೊಂದು ಮೊಟ್ಟೆಯೊಡೆದು ಹೊರಬಂದಿತು. ಈಗ ಜೋಡಿಗಳ ಸಂಖ್ಯೆ 150ನ್ನು ದಾಟಿದೆ.

ಹಡಗಿನ ಪ್ರಯಾಣಿಕನಿಗೆ ಆ ಹಕ್ಕಿ ಕಾಣಸಿಗುವುದಿಲ್ಲ. ನಾನ್‌ಸಚ್ ದ್ವೀಪಕ್ಕೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ, ಹಗಲಿನಲ್ಲಿ ಹಕ್ಕಿ ನೆಲದ ಮೇಲೆ ಕಾಣಿಸಿಕೊಳ್ಳುವುದೂ ಇಲ್ಲ. ಆ ದ್ವೀಪದ ಅತ್ಯಂತ ಅಮೂಲ್ಯವಾದ ಜೀವವು ನಮ್ಮ ಎಂಟು ಗಂಟೆಗಳ ಪಟ್ಟಿಯಲ್ಲಿಲ್ಲ. ಇದ್ದರೆ ಅದು ಉಳಿಯುತ್ತಲೂ ಇರಲಿಲ್ಲ. ಎಲ್ಲವನ್ನೂ ನೋಡಲೇಬೇಕು, ಮುಟ್ಟಲೇಬೇಕು, ಚಿತ್ರದಲ್ಲಿ ಹಿಡಿಯಲೇಬೇಕೆಂಬ ಹಂಬಲವೂ ಪರಿಗ್ರಹದ ಒಂದು ರೂಪ. ಮರಳಿ ಹಡಗನ್ನೇರುವ ಮುನ್ನ ಮಕ್ಕಳಿಗೆ ಪೂರ್ವ ದಿಕ್ಕನ್ನು ತೋರಿಸಿ, ಅಲ್ಲಿ ಅಂಥದೊಂದು ಹಕ್ಕಿಯಿದೆ, ನಾವು ಹೋಗದಿರುವುದರಿಂದಲೇ ಅದು ಕ್ಷೇಮವಾಗಿದೆಯೆಂದು ಹೇಳಿದರೆ, ಆ ಮಾತು ಅವರು ಕೊಂಡುತರುವ ಯಾವ ಆಟಿಕೆಗಿಂತಲೂ ಹೆಚ್ಚು ಕಾಲ ಅವರೊಡನೆ ಉಳಿಯುವುದು.